ಕಡೇ ಹಿಡಿ

"ಒಂಬತ್ತನೇ ಕ್ಲಾಸು ದಾಟದವನ ಕೈಗೆ ವಿಜ್ಞಾನ ಕೊಟ್ಟರೆ ಇನ್ನೇನಾಗುತ್ತೆ? ಕದ್ದು ಗೊಬ್ಬರ ಹಾಕ್ತಾನೆ. ಬಂದವರ ಮುಂದೆ ಶಿಲೀಂಧ್ರ, ಇದ್ದಿಲು ಅಂತ ಹರಿಕಥೆ ಮಾಡ್ತಾನೆ." ಔಷಧಿ ಬೆಳೆಗಾರರ ಸಂಘದ ಪರವಾಗಿ ಅಶ್ವಗಂಧದ ಮಡಿ ಪರೀಕ್ಷಿಸಲು ಬಂದಿದ್ದ ರಘುನಂದನ್ ಅಷ್ಟು ಹೇಳಿ ಅದರ ಅಂಚಿನಿಂದ ಎದ್ದು, ಪ್ಯಾಂಟಿನ ಮಂಡಿಗೆ ಮೆತ್ತಿದ್ದ ಮಸಿಯನ್ನು ಕೊಡವಿಕೊಂಡ. ಬಲ ಅಂಗೈಯನ್ನು ಮಾತ್ರ ಎಲ್ಲರಿಗೂ ಕಾಣುವಂತೆ ತೆರೆದೇ ಹಿಡಿದಿದ್ದ. ಅದರಲ್ಲಿ ಆರೋ ಏಳೋ ಬೂದು ಬಣ್ಣದ ಕಾಳು. ಡಿಎಪಿ, ಅಂಗಡಿಯ ರಂಜಕದ ಗೊಬ್ಬರ. ಮದ್ದೂರು, ಮಳವಳ್ಳಿ ಕಡೆಯಿಂದ ಬಂದಿದ್ದ ಹದಿನಾಲ್ಕು ಜನ ಬೆಳೆಗಾರರು ಒಬ್ಬರ ಹೆಗಲ ಮೇಲಿಂದೊಬ್ಬರು ಬಗ್ಗಿ ಆ ಅಂಗೈಯನ್ನು ನೋಡಿದರು, ಆಮೇಲೆ ಮಡಿ ಬೆಳೆಸಿದ ಶಿವರಾಮುವಿನ ಮುಖ ನೋಡಿದರು. ಯಾರೋ ಹಿಂದೆ ನಿಂತವರು ಮೂಗಿನಲ್ಲಿ ನಕ್ಕರು. ಇಷ್ಟು ಹೊತ್ತು ಅವನು ಮಾತಾಡಿದ್ದನ್ನು ಬಾಯಿ ತೆರೆದುಕೊಂಡು ಕೇಳಿದವರು ಇವರೇ. ಶಿವರಾಮುವಿಗೆ ಮೊದಲು ಬಿಸಿಯಾದದ್ದು ಕಿವಿ. ಆಮೇಲೆ ಕಣ್ಣು ತಾನಾಗಿ ಕೆಳಗಿಳಿದು ತನ್ನ ಹೆಬ್ಬೆರಳಿನ ಉಗುರಿನ ಮೇಲೆ ನಿಂತಿತು. ಉಗುರಿನ ಸಂದಿಯಲ್ಲಿ ಇದ್ದಿಲಿನ ಕಪ್ಪು ಗೆರೆ. ಬೆಳಿಗ್ಗೆ ಎರಡು ಸಲ ಸೋಪು ಹಾಕಿ ಉಜ್ಜಿದ್ದ, ದೊಡ್ಡವರು ಬರುತ್ತಾರೆ ಎಂದು. ಹೋಗಿರಲಿಲ್ಲ.

"ನಾನಾಕಿಲ್ಲ" ಎಂದ. ಹಾಕಿಲ್ಲ ಎನ್ನಬೇಕೆಂದೇ ಬಾಯಿ ತೆರೆದಿದ್ದ, ಅವನು ಸಿಟ್ಟಿಗೆದ್ದಾಗ ಹ ಬಿದ್ದುಹೋಗುತ್ತದೆ.

"ನೀನಾಕಿಲ್ಲ. ಸರಿ. ದೆವ್ವ ಬಂದು ಹಾಕ್ತೇನಪ್ಪ?" ಈಗ ಎಲ್ಲರೂ ನಕ್ಕರು. ವೀಣ ಮೇಡಂ ನಗಲಿಲ್ಲ. ಅದು ಇನ್ನೂ ಕಷ್ಟವಾಗಿತ್ತು. ಅವರು ಹುಣಸೆಮರದ ಕೆಳಗೆ ಮೇಜಿನ ಮೇಲಿಟ್ಟ ಸೂಕ್ಷ್ಮದರ್ಶಕದ ಪಕ್ಕದಲ್ಲೇ ನಿಂತಿದ್ದರು, ಎರಡು ಗಾಜಿನ ತುಂಡುಗಳನ್ನು ಕೈಯಲ್ಲಿ ಹಿಡಿದುಕೊಂಡು, ಯಾವುದನ್ನು ಎಲ್ಲಿಡಬೇಕೆಂದು ಮರೆತವರ ಹಾಗೆ.

ಮಂಡ್ಯದ ಕಾಲೇಜಿನಲ್ಲಿ ಗಿಡಗಳ ಪಾಠ ಮಾಡುವ ಈ ವೀಣ ಮೇಡಂ ಎರಡು ವರ್ಷದ ಹಿಂದೆ ಆತಗೂರಿಗೆ ಬಂದು ಭಾಷಣ ಮಾಡಿದಾಗ ಹಿಂದಿನ ಸಾಲಿನಲ್ಲಿ ಕೂತು ಪ್ರಶ್ನೆ ಕೇಳಿದವನು ಶಿವರಾಮು ಒಬ್ಬನೇ. ಬೇರು ತಲುಪದ ಕಡೆಗೆ ಶಿಲೀಂಧ್ರದ ಕೂದಲಿಗಿಂತ ಸಣ್ಣ ನೂಲು ಹೋಗುತ್ತದೆ, ಹೋಗಿ ಗಿಡಕ್ಕೆ ಬೇಕಾದ ರಂಜಕವನ್ನು ಹೊತ್ತು ತರುತ್ತದೆ, ಗಿಡ ಅದಕ್ಕೆ ಬದಲಾಗಿ ತಾನು ಬಿಸಿಲಿನಲ್ಲಿ ಮಾಡಿದ ಸಕ್ಕರೆಯನ್ನು ಕೊಡುತ್ತದೆ ಎಂದು ಅವರು ಹೇಳಿದ್ದರು. ಬುಡಕ್ಕೇ ರಂಜಕ ತಂದು ಸುರಿದರೆ ಏನಾಯ್ತದೆ ಮೇಡಂ, ಎಂದು ಇವನು ಕೇಳಿದ್ದ. ಅವರು ಕನ್ನಡಕ ತೆಗೆದು ಇವನನ್ನು ನೋಡಿ, ಆಗ ಗಿಡಕ್ಕೆ ಆ ನೂಲಿನ ಹಂಗು ಬೇಡವಾಗುತ್ತೆ, ಬಾಗಿಲು ಹಾಕ್ಕೊಂಡುಬಿಡುತ್ತೆ, ಎಂದಿದ್ದರು. ಗಿಡ ಬಾಗಿಲು ಹಾಕಿಕೊಳ್ಳುವ ಮಾತು ಅವನ ತಲೆಯಲ್ಲಿ ವಾರಗಟ್ಟಲೆ ಸುತ್ತಿತ್ತು. ತಾತನಿಗೆ ಸರ್ಕಾರದಿಂದ ಬಂದ ಮುಕ್ಕಾಲು ಎಕರೆ ಕಲ್ಲುಭೂಮಿಯಲ್ಲಿ ಮೂರು ಗುಂಟೆ ಹಸನು ಮಾಡಿ ಅಶ್ವಗಂಧ ಹಾಕಿದ್ದು, ತೆಂಗಿನ ಮಟ್ಟೆ, ಕಬ್ಬಿನ ಸೋಗೆ, ಜಾಲಿಕಡ್ಡಿಗಳನ್ನು ಗುಂಡಿಯಲ್ಲಿ ಹೊಗೆಯಿಲ್ಲದೆ ಸುಟ್ಟು, ಬೂದಿಯಾಗುವ ಮೊದಲೇ ನೀರು ಹೊಯ್ದು ಇದ್ದಿಲು ಮಾಡಿದ್ದು, ಅದನ್ನು ಗಂಜಲ, ಆಲೆಮನೆಯ ಮಡ್ಡಿ ಎರಡರಲ್ಲೂ ಹದಿನೈದು ದಿನ ನೆನೆಹಾಕಿದ್ದು, ಎಲ್ಲ ಆ ಒಂದು ಮಾತಿನಿಂದ. ಹಸಿ ಇದ್ದಿಲು ಹಾಕಿದರೆ ಅದೇ ಮಣ್ಣಿನ ಸಾರವನ್ನು ಹೀರಿಕೊಂಡು ಕೂರುತ್ತದೆ ಎಂಬುದನ್ನು ಮೊದಲ ವರ್ಷ ಗಿಡಗಳನ್ನೆಲ್ಲ ಹಳದಿ ಮಾಡಿಕೊಂಡು ಕಲಿತಿದ್ದ. ಊರಿನವರು ಅವನಿಗೆ ಮಸಿರಾಮು ಎಂದು ಹೆಸರಿಟ್ಟರು. ಈ ವರ್ಷ ಮಡಿ ಗೆದ್ದರೆ ಸಂಘದವರು ತಾಯಿಮಡಿಯನ್ನು ಇಲ್ಲೇ ಮಾಡುವುದೆಂದಿತ್ತು: ಮೂರು ತಾಲ್ಲೂಕಿನ ಔಷಧಿ ಬೆಳೆಗಾರರಿಗೆಲ್ಲ ಶಿಲೀಂಧ್ರ ಕೂಡಿದ ಮಣ್ಣು ಇವನ ಹೊಲದಿಂದ ಹೋಗಬೇಕು. ಚೀಲದ ಮೇಲೆ ಬೆಳೆಸಿದವನ ಹೆಸರು ಬರೆಯುತ್ತಾರೆ ಎಂದು ಮೇಡಂ ಒಮ್ಮೆ ಅಂದಿದ್ದರು. ಶಿವರಾಮು ಪುಟ್ಟಮಾದಯ್ಯ ಎಂದು ಒಂದು ಚೀಲದ ಮೇಲೆ ಬರೆದರೆ ಹೇಗೆ ಕಾಣುತ್ತದೆ ಎಂದು ಅವನು ಇದ್ದಿಲ ತುಂಡಿನಿಂದ ಪಂಪ್‌ಸೆಟ್ಟಿನ ಗೋಡೆಯ ಮೇಲೆ ಬರೆದು ನೋಡಿ, ಯಾರೂ ನೋಡುವ ಮೊದಲೇ ಒರೆಸಿದ್ದ.

ಸಂಘ ಹಾಕಿದ್ದ ನಿಬಂಧನೆ ಒಂದೇ. ಅಂಗಡಿಯ ಗೊಬ್ಬರದ ಒಂದು ಕಾಳೂ ಬೀಳಕೂಡದು.

ಮೇಡಂ ತಂದಿದ್ದ ಎರಡು ಗಾಜುಗಳಲ್ಲಿ ಒಂದು ಸೆಪ್ಟೆಂಬರಿನದು. ಆಗ ತೆಗೆದ ಬೇರನ್ನು ಬೇಯಿಸಿ, ನೀಲಿ ಇಂಕು ಹಾಕಿದ ವಿನೆಗರಿನಲ್ಲಿ ಅದ್ದಿ ತೋರಿಸಿದಾಗ ಬೇರಿನ ಒಂದೊಂದು ಕೋಣೆಯಲ್ಲೂ ಶಿಲೀಂಧ್ರದ ಒಂದೊಂದು ನೀಲಿ ಮರ ಕೊಂಬೆ ಚಾಚಿಕೊಂಡು ನಿಂತಿತ್ತು. ಅವನು ಅವತ್ತು ಉಸಿರು ಬಿಡದೆ ನೋಡಿದ್ದ. ಇನ್ನೊಂದು ಗಾಜು ಹೋದ ವಾರದ್ದು. ಅದರಲ್ಲಿ ಕೋಣೆಗಳಿದ್ದವು, ಮರಗಳಿರಲಿಲ್ಲ. ಅದನ್ನು ನೋಡಿದ ಮೇಲೇ ರಘುನಂದನ್ ಮಡಿಗೆ ಹೋಗಿ ಮೊಣಕಾಲೂರಿ ಮಣ್ಣು ಕೆದಕಿದ್ದು. ಹಬ್ಬದ ದಿನದ ಹಾಗೆ ಎಲೆ ಬಿಟ್ಟುಕೊಂಡು ನಿಂತಿದ್ದ ಗಿಡವೊಂದನ್ನು ಅವನು ಕಿತ್ತು ಎತ್ತಿ ಹಿಡಿದಾಗ ಬೇರು ಇಲಿಬಾಲದಷ್ಟೇ ಇತ್ತು. ಅಶ್ವಗಂಧದಲ್ಲಿ ಮಾರುವುದು ಬೇರು. ಎಲೆ ಯಾರಿಗೆ ಬೇಕು.

"ನೋಡು ಶಿವರಾಮು" ಎಂದರು ಮೇಡಂ ಹತ್ತಿರ ಬಂದು, ಉಳಿದವರಿಗೆ ಕೇಳದ ಹಾಗೆ. "ನಿನ್ನ ಪರವಾಗಿ ನಾನು ಸಂಘಕ್ಕೆ ಸಹಿ ಹಾಕಿಕೊಟ್ಟಿದ್ದೀನಿ. ನೀನು ಹಾಕಿಲ್ಲ ಅಂದ್ರೆ ನಾನು ನಂಬ್ತೀನಿ. ಆದ್ರೆ ಯಾರೋ ಹಾಕಿದ್ದಾರೆ. ಯಾರು ಅಂತ ಗೊತ್ತಾದ್ರೆ, ಹೊರಗಿನವರು ಕೆಡಿಸಿದ್ದು ಅಂತ ಬರೆಸ್ತೀನಿ. ತಾಯಿಮಡಿ ನಿನಗೇ ಉಳಿಯುತ್ತೆ. ಹೆಸರು ಬೇಕು."

"ಊಟದ ತನಕ ಟೈಮು" ಎಂದ ರಘುನಂದನ್ ಆಚೆಯಿಂದ, ಕೇಳಿಸಿಕೊಂಡೇ ಇದ್ದವನು. "ಎರಡು ಗಂಟೆಗೆ ನಾನು ವರದಿ ಬರೀತೀನಿ."

ಶಿವರಾಮು ಮಡಿಗೆ ಹೋಗಿ ಕುಕ್ಕರಗಾಲಲ್ಲಿ ಕೂತು, ಹನಿನೀರಿನ ಪೈಪು ತಲುಪದ ಒಣಜಾಗದಲ್ಲಿ ಕರಗದೆ ಉಳಿದಿದ್ದ ಕಾಳುಗಳನ್ನು ಒಂದೊಂದಾಗಿ ಆಯ್ದ. ಅವು ಎಲ್ಲೆಂದರಲ್ಲಿ ಬಿದ್ದಿರಲಿಲ್ಲ. ಎಡಕ್ಕೆ ವಾಲಿದ ಅರ್ಧಚಂದ್ರದ ಹಾಗೆ ಹರಡಿಕೊಂಡಿದ್ದವು, ಆಮೇಲೆ ಸ್ವಲ್ಪ ಖಾಲಿ, ಮತ್ತೆ ಅರ್ಧಚಂದ್ರ. ಕೈ ಪಳಗಿದ ಕೂಲಿಯವನಿಂದ ಹಾಕಿಸಿದ್ದಾನೆ ಬಡ್ಡೀಮಗ, ಎಂದುಕೊಂಡ. ಯಾರೆಂದು ಅವನಿಗೆ ಅನುಮಾನವೇ ಇರಲಿಲ್ಲ. ಕಾಳುಗಳನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಎದ್ದ. ಇವನ್ನು ಯತೀಶನ ಬಾಯಿಗೇ ತುರುಕುತ್ತೇನೆ, ಒಂದೊಂದಾಗಿ, ಈ ಹದಿನಾಲ್ಕು ಜನರೂ ಕೇಳುವ ಹಾಗೆ ಅವನು ಕೆಮ್ಮಬೇಕು.

ಯತೀಶ ಅವನ ಜೊತೆಗೇ ಓದಿದವನು, ಬೋರಿನ ಆಚೆ ಬದುವಿನ ನಾಲ್ಕು ಎಕರೆ ಕಬ್ಬಿನವನು. ತಾಯಿಮಡಿ ನಮ್ಮ ತೋಟದಲ್ಲಿ ಮಾಡಿ ಸಾರ್, ನೀರಿದೆ, ಶೆಡ್ಡಿದೆ, ಎಂದು ರಘುನಂದನನ ಬೈಕಿನ ಹಿಂದೆ ಸುತ್ತಿದವನು. ಹೋದ ತಿಂಗಳು ಮಡಿಯ ಹತ್ತಿರ ನಿಂತು, "ಲೇ ಮಸಿರಾಮು, ನಾಕು ಕಾಳು ಡಿಎಪಿ ತೋರ್ಸುದ್ರೆ ಎದ್ದು ಕುಣೀತವೆ ಕಣ್ಲಾ. ಇದ್ಲು ತಿನ್ಸುದ್ರೆ ಗಿಡ ಇಸ್ತ್ರಿ ಪೆಟ್ಟಿಗೆ ಬುಡ್ತವೆ ಅಷ್ಟೆಯಾ" ಎಂದು ನಕ್ಕಿದ್ದ. ಅವನು ಶಾಲೆಯಲ್ಲೂ ಹಾಗೇ ನಗುತ್ತಿದ್ದ. ಒಂಬತ್ತನೇ ಕ್ಲಾಸಿನ ಅವತ್ತೂ ಮೊದಲು ನಕ್ಕದ್ದು ಅವನೇ. ಯಾವುದೋ ಕಾಗದಕ್ಕೆ ತಂದೆಯ ಸಹಿ ಬೇಕೆಂದು ಅಪ್ಪನನ್ನು ಕರೆಸಿದ್ದರು. ಅಪ್ಪ ಹೊಲದಿಂದ ನೇರ ಬಂದಿದ್ದ, ಮೈಯೆಲ್ಲ ಗೊಬ್ಬರದ ಘಾಟು. ಮೇಷ್ಟ್ರು ಇಂಕಿನ ಪ್ಯಾಡು ಮುಂದೆ ತಳ್ಳಿ, "ಮಗನಿಗೆ ಇಂಗ್ಲಿಷು, ಅಪ್ಪನಿಗೆ ಹೆಬ್ಬೆಟ್ಟು" ಎಂದರು. ಇಡೀ ಕ್ಲಾಸು ನಕ್ಕಿತು. ಅಪ್ಪನೂ ನಕ್ಕ, ಅದು ತಮಾಷೆ ಎಂದೇ ತಿಳಿದು. ನೀಲಿಯಾದ ಎಡಹೆಬ್ಬೆರಳನ್ನು ಎಲ್ಲಿ ಒರೆಸಿಕೊಳ್ಳಬೇಕೆಂದು ತಿಳಿಯದೆ ಎತ್ತಿ ಹಿಡಿದುಕೊಂಡೇ ಬಾಗಿಲಲ್ಲಿ ತಿರುಗಿ ಮಗನಿಗೆ ತಲೆಯಾಡಿಸಿದ. ಶಿವರಾಮು ಕಿಟಕಿಯ ಕಡೆ ನೋಡಿದ್ದ. ಮೇಷ್ಟ್ರ ಮೇಲಿನ ಸಿಟ್ಟಿಗೆ ಶಾಲೆ ಬಿಟ್ಟೆ ಎಂದು ಹತ್ತು ವರ್ಷದಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದ. ಅಪ್ಪನಿಗೂ ಹಾಗೇ ಹೇಳಿದ್ದ.

ದಾರಿಯಲ್ಲಿ ಮನೆ ಸಿಕ್ಕಿತು. ಹಿತ್ತಲಿನಲ್ಲಿ ಅವ್ವ ಶಿವನಂಜಮ್ಮ ಬಂದವರ ಊಟಕ್ಕೆಂದು ಬಾಡಿಗೆಗೆ ತಂದ ದೊಡ್ಡ ಪಾತ್ರೆಯಲ್ಲಿ ಮುದ್ದೆ ತೊಳಸುತ್ತಿದ್ದಳು. ಮುಖವೆಲ್ಲ ಬೆವರು, ಕಣ್ಣೆಲ್ಲ ಹೊಗೆ. ಮಗನನ್ನು ಕಂಡದ್ದೇ, "ಎಷ್ಟ್ ಜನ ಅವ್ರೆ ಸರಿಯಾಗಿ ಏಳ್ಲಾ. ಸೊಪ್ಪಿನ ಸಾರು ಸಾಲದೆ ಓದ್ರೆ ಮಾನ ಓಯ್ತದೆ. ಒಂದು ಪಲ್ಯ ಮಾಡಾವ ಅಂದ್ರೆ ಈ ವರ್ಸ ಈ ಮುಂಡೇದು ಒಂದು ಕಾಯೂ ಬುಡ್ಲಿಲ್ಲ" ಎಂದು ಚಪ್ಪರದ ಕಡೆ ಗದ್ದ ಎತ್ತಿದಳು. ಕುಂಬಳಬಳ್ಳಿ ಚಪ್ಪರದ ಮೇಲೆ ಬಿಳಿಚಿಕೊಂಡು ಬಿದ್ದಿತ್ತು. "ಬುಡುಕ್ಕೆ ಒಂದು ಹಿಡಿ ಗೊಬ್ರ ಬೀಳ್ದೆ ನಾಕು ತಿಂಗ್ಳಾಯ್ತು. ನಿಮ್ಮಪ್ಪನ್ನ ಕೇಳುದ್ರೆ, ಸುಮ್ಕಿರು ಕಣಮ್ಮಿ, ಕುಂಬ್ಳಕಾಯಿ ತಿನ್ದೆ ಯಾರೂ ಸತ್ತಿಲ್ಲ, ಅಂತಾನೆ."

"ನಿಂಗೆ ಕುಂಬಳಕಾಯಿ ಚಿಂತೆ" ಎಂದು ಅವನು ನಿಲ್ಲದೆ ನಡೆದ. ಅವಳ ಮಾತು ಕಿವಿಯ ಮೇಲೆ ಬಿತ್ತು, ಒಳಗೆ ಹೋಗಲಿಲ್ಲ. ಮುಷ್ಟಿಯೊಳಗೆ ಕಾಳುಗಳು ಬೆವರಿಗೆ ಜಿನುಗಿ ಅಂಟಾಗುತ್ತಿದ್ದವು.

ಯತೀಶನ ಕೂಳೆಕಬ್ಬು ಮೊಣಕಾಲೆತ್ತರಕ್ಕೆ ಚಿಗುರಿತ್ತು. ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದ ಯತೀಶ ಇವನನ್ನು ದೂರದಿಂದಲೇ ಕಂಡು ಕೂಗಿದ. "ಏನ್ಲಾ ಸೈಂಟಿಸ್ಟು, ಸಭೆ ಬುಟ್ಟು ಇತ್ಲಾಗೆ? ಊಟಕ್ಕೆ ಕರೆಯಕ್ಕೆ ಬಂದ್ಯಾ?"

"ಕೊಡೆ ಕೆಳಿಕ್ಕಾಕು" ಎಂದ ಶಿವರಾಮು. "ಕೆಳಿಕ್ಕಾಕ್ಲಾ, ಮಾತಾಡ್ಬೇಕು ನಿನ್ನತ್ರ."

"ಲೇ, ಲೇ. ಏನಾಯ್ತ್ಲಾ? ಕಣ್ಣು ಯಾಕಂಗೆ ಬುಟ್ಕಂಡಿದ್ದೀಯೆ?" ಯತೀಶ ನಿಜಕ್ಕೂ ಒಂದು ಹೆಜ್ಜೆ ಹಿಂದೆ ಸರಿದ. ಶಿವರಾಮು ಮುಷ್ಟಿ ಎತ್ತಿದ. ಎತ್ತಿದವನ ಕಣ್ಣು ಯತೀಶನ ಹೆಗಲಿನಾಚೆಗೆ ಹೋಯಿತು.

ಅಲ್ಲಿ ಅಪ್ಪ ಗೊಬ್ಬರ ಎರಚುತ್ತಿದ್ದ. ಅಪ್ಪ ಇವತ್ತು ಕೂಲಿಗೆ ಹೋಗಿದ್ದಾನೆ ಎಂಬುದು ಶಿವರಾಮುವಿಗೆ ಗೊತ್ತಿತ್ತು, ಎಲ್ಲಿಗೆ ಎಂದು ಕೇಳಿರಲಿಲ್ಲ. ಬೆಳಿಗ್ಗೆ ಹೊಸ ಅಂಗಿ ತೊಟ್ಟುಕೊಂಡು ಹೊರಟಾಗ ಅಪ್ಪ ಜಗುಲಿಯಲ್ಲಿ ಕೂತು, ನಾನೂ ಬರಲೇ ಎಂದು ಕೇಳುವವನಂತೆ ಒಂದು ಕ್ಷಣ ನೋಡಿ, ಕೇಳದೆ ಟವೆಲ್ಲು ಕೊಡವಿ ಎದ್ದು ಹೋಗಿದ್ದ. ಸೊಂಟಕ್ಕೆ ಕಟ್ಟಿಕೊಂಡ ಬಾಂಡಲಿ, ಅದರೊಳಕ್ಕೆ ಹೋಗಿ ಬರುವ ಎಡಗೈ. ಪುಟ್ಟಮಾದಯ್ಯ ಹುಟ್ಟಾ ಎಡಚ. ಎಲ್ಲರ ಎರಚು ಬಲಕ್ಕೆ ಹೋದರೆ ಅವನದು ಎಡಕ್ಕೆ. ಸುತ್ತ ನಾಲ್ಕು ಊರಿನಲ್ಲಿ ಕಬ್ಬಿಗೆ ಗೊಬ್ಬರ ಎರಚುವುದೆಂದರೆ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು, ಎಲ್ಲೂ ಗುಪ್ಪೆಯಾಗದೆ ಎಲ್ಲೂ ಖಾಲಿ ಉಳಿಯದೆ ಅಳೆದಂತೆ ಬೀಳುತ್ತದೆ ಎಂದು. ಎರಡು ವರ್ಷದಿಂದ ಮಂಡಿನೋವು. ಮೂರು ಹೆಜ್ಜೆ ಇಡುತ್ತಾನೆ, ಮೂರು ಸಲ ಕೈ ಬೀಸುತ್ತಾನೆ, ನಿಂತು ಮಂಡಿ ನೀವಿಕೊಳ್ಳುತ್ತಾನೆ, ಒಂದು ಹೆಜ್ಜೆ ಬರಿಗೈಯಲ್ಲಿ ದಾಟಿ ಮತ್ತೆ ಮೂರು. ಬಿಸಿಲಿನಲ್ಲಿ ಕಾಳುಗಳು ಬೆರಳಿನಿಂದ ಬಿಟ್ಟುಕೊಂಡು ಎಡಕ್ಕೆ ವಾಲಿದ ಅರ್ಧಚಂದ್ರವಾಗಿ ಹರಡುತ್ತಿದ್ದವು. ಆಮೇಲೆ ಸ್ವಲ್ಪ ಖಾಲಿ. ಮತ್ತೆ ಅರ್ಧಚಂದ್ರ.

ಶಿವರಾಮುವಿನ ಕೈ ಕೆಳಗಿಳಿಯಿತು. ಅದನ್ನು ಎತ್ತಿದ್ದು ಯಾಕೆಂದು ಕೈಗೇ ಮರೆತುಹೋದಂತಿತ್ತು. "ಏನ್ ಮಾತಾಡ್ಬೇಕ್ಲಾ?" ಎಂದು ಯತೀಶ ಕೇಳುತ್ತಲೇ ಇದ್ದ. ನವೆಂಬರಿನಲ್ಲಿ ಮೂರು ದಿನ ತಾನು ಮೇಡಂ ಅವರ ಕಾಲೇಜಿನಲ್ಲಿ ತರಬೇತಿ ಎಂದು ಮಂಡ್ಯಕ್ಕೆ ಹೋಗಿದ್ದ. ಹಿಂದಿರುಗಿದ ದಿನ ಅಪ್ಪ ಊಟ ಮಾಡುವಾಗ ಕಾರಣವಿಲ್ಲದೆ ನಗುತ್ತಿದ್ದ. ಏನು ಎಂದರೆ, ಏನಿಲ್ಲ ಉಣ್ಲಾ, ಎಂದಿದ್ದ. ಎರಚುವವನಿಗೆ ಚೀಲದ ತಳದ ಕಡೇ ಹಿಡಿ ಸೇರಬೇಕೆಂಬುದು ಈ ಕಡೆಯ ರೂಢಿ. ಆ ಕೊನೆಯ ಹಿಡಿಯನ್ನು ಹೊಲದ ಯಜಮಾನ ಕೇಳುವಂತಿಲ್ಲ, ಎರಚಿದವನು ಟವೆಲ್ಲಿನ ತುದಿಗೆ ಗಂಟು ಕಟ್ಟಿಕೊಂಡು ಎಲ್ಲರೆದುರೇ ಮನೆಗೆ ಒಯ್ಯುತ್ತಾನೆ. ಶಿವರಾಮುವಿಗೆ ಬುದ್ಧಿ ಬಂದಾಗಿನಿಂದ ಅಪ್ಪನ ಆ ಹಿಡಿಗಳೆಲ್ಲ ಹಿತ್ತಲಿನ ಕುಂಬಳದ ಬುಡಕ್ಕೆ ಹೋಗಿದ್ದವು. ಅಪ್ಪ ಮನೆಯವರಿಗೆಂದು ಎರಚಬಹುದಾಗಿದ್ದುದು ಅಷ್ಟೇ, ಒಂದು ಬಳ್ಳಿ. ನಲವತ್ತು ವರ್ಷ ಊರವರ ಹೊಲಗಳನ್ನೆಲ್ಲ ಹಸಿರು ಮಾಡಿದ ಕೈ ತನ್ನದೆನ್ನುವ ಒಂದು ಸಾಲಿನ ಮೇಲೆ ಒಮ್ಮೆಯೂ ಬೀಸಿರಲಿಲ್ಲ. ನವೆಂಬರಿನ ತನಕ ಮೂರು ತಿಂಗಳು ಕೂಡಿಟ್ಟ ಕಡೇ ಹಿಡಿಗಳು ಎಷ್ಟಾಗುತ್ತವೆ? ಮೂರು ಗುಂಟೆಗೆ ಆಗುತ್ತವೆ. ಕೈ ಬಿಗಿ ಹಿಡಿದು, ಅಳೆದು ಎರಚಿದರೆ ಆಗುತ್ತವೆ.

"ಯಾರ್ಲಾ ಅದು, ನಮ್ಮ ರಾಮುನಾ?" ಅಪ್ಪ ಹಣೆಗೆ ಕೈ ಅಡ್ಡ ಹಿಡಿದು ನೋಡಿದ. ಬಾಂಡಲಿ ಖಾಲಿಯಾಗಿತ್ತು. ಚೀಲದ ಬಳಿ ಹೋಗಿ, ಅದನ್ನು ಮಗುಚಿ ಕೊಡವಿ, ಉಳಿದ ಒಂದು ಹಿಡಿಯನ್ನು ಟವೆಲ್ಲಿನ ತುದಿಗೆ ಗಂಟು ಹಾಕಿಕೊಂಡು, ಯತೀಶನಿಗೆ ಕೈಯೆತ್ತಿ ತೋರಿಸಿ ಬದುವಿಗೆ ಬಂದ. "ಕಡೇ ಹಿಡಿ ತಕಂಡಿವ್ನಿ ಯತೀಸಪ್ಪ."

"ತಕ್ಕೊ ಮಾದಣ್ಣ, ಯಾರು ಬ್ಯಾಡ ಅಂದ್ರು? ನಿನ್ ಮಗುಂಗೆ ಏನೋ ಆಗೈತೆ ನೋಡು, ಒಡ್ಯಾಕೆ ಬಂದೋನು ಸುಮ್ಕೆ ನಿಂತವ್ನೆ."

ಅಪ್ಪ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಅವನ ಕಣ್ಣು ಮಗನ ಮುಖದಲ್ಲಿ ಬೇರೆ ಏನನ್ನೋ ಹುಡುಕುತ್ತಿತ್ತು. "ಬಂದ್ರೇನ್ಲಾ ದೊಡ್ಡೋರು? ಗಿಡ ನೋಡುದ್ರಾ? ಏನಂದ್ರು?"

ಮುಷ್ಟಿ ಬಿಚ್ಚಿ ತೋರಿಸಿದರೆ ಮುಗಿಯಿತು. ಇದೇನು ಎಂದು ಕೇಳಬೇಕು. ಕೇಳಿದರೆ ಅಪ್ಪ ಒಪ್ಪಿಕೊಳ್ಳುತ್ತಾನೆ, ಬೆನ್ನು ತಟ್ಟಿಸಿಕೊಳ್ಳಲು ಬಂದವನ ಹಾಗೆ ಒಪ್ಪಿಕೊಳ್ಳುತ್ತಾನೆ. ಎಡಹೆಬ್ಬೆರಳು ಎತ್ತಿ ಹಿಡಿದು ಬಾಗಿಲಲ್ಲಿ ನಗುತ್ತಾ ನಿಂತವನು. ಶಿವರಾಮು ಮುಷ್ಟಿಯನ್ನು ಪ್ಯಾಂಟಿನ ಜೇಬಿಗೆ ಇಳಿಸಿದ.

"ಎಲೆ ಚೆನ್ನಾಗವೆ ಅಂದ್ರು" ಎಂದ.

"ಅನ್ದೆ ಇದ್ದಾರೇನ್ಲಾ!" ಅಪ್ಪನ ಮುಖ ಅರಳಿತು. ಬಿಸಿಲಿಗೆ ಒಡೆದ ತುಟಿಯನ್ನು ನಾಲಿಗೆಯಿಂದ ಒದ್ದೆ ಮಾಡಿಕೊಂಡ. "ನಂಗೊತ್ತಿತ್ತು ಕಣ್ಲಾ. ಸಪ್ಪೆಯಾಗಿದ್ವು, ಪಾಪ. ಈಗ ನೋಡು ಎಂಗೆ ಎದ್ದು ನಿಂತವೆ. ನಾನೂ ವಸಿ ಬತ್ತೀನಿ ನಡಿ. ದೂರದಿಂದ್ಲೇ ನೋಡ್ಕಂಡು ಬತ್ತೀನಿ."

ಶಿವರಾಮು ಮುಂದೆ ನಡೆದ. ಹಿಂದೆ ಅಪ್ಪನ ಹೆಜ್ಜೆಗಳು, ಮೂರು ಹೆಜ್ಜೆ, ತಡೆ, ಮತ್ತೆ ಮೂರು. ದೂರದಿಂದ್ಲೇ. ಆಗಸ್ಟಿನಲ್ಲಿ ಮಡಿ ಕಟ್ಟುವಾಗ ಅಪ್ಪ ಒಂದು ಮಂಕರಿ ಕೊಟ್ಟಿಗೆ ಗೊಬ್ಬರ ಹೊತ್ತುಕೊಂಡು ಬಂದು, ಹದ ಮಾಡಿದ ಮಣ್ಣಿನ ಮೇಲೆ ಕಾಲಿಟ್ಟಿದ್ದ. ಸುತ್ತ ಐದಾರು ಜನ ನಿಂತು ನೋಡುತ್ತಿದ್ದರು, ಯತೀಶನೂ ಇದ್ದ. "ನಿನ್ನ ಕೈ ಬ್ಯಾಡ ಇದುಕ್ಕೆ. ನಿಂಗೇನ್ ಗೊತ್ತಾಯ್ತದೆ? ದೂರ ನಿಂತ್ಕೊ, ಆ ಕಲ್ಲಿಂದಾಚೆ" ಎಂದು ಕಿರುಚಿದ್ದವನು ಯಾರು? ಹೆಬ್ಬೆಟ್ಟು ಎಂದು ನಕ್ಕ ಮೇಷ್ಟ್ರ ದನಿ ಇನ್ನೂ ಕಿವಿಯಲ್ಲಿದೆ, ತನ್ನ ದನಿ ಹೇಗಿತ್ತೆಂಬುದು ಮಾತ್ರ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅಪ್ಪ ಮಂಕರಿ ಇಳಿಸಿ, ಪಂಪಿನ ನೀರಿನಲ್ಲಿ ಕೈ ತೊಳೆದುಕೊಂಡು, ಗಡಿಕಲ್ಲಿನಾಚೆ ಹೋಗಿ ನಿಂತ. ಯಾರೂ ಹೇಳದಿದ್ದರೂ ಕೈ ಯಾಕೆ ತೊಳೆದುಕೊಂಡ? ಅದಾದ ಒಂದು ವಾರಕ್ಕೆ ಜಗುಲಿಯ ಮೇಲೆ ಕೂತಿದ್ದಾಗ ಅಪ್ಪ "ಅಲ್ಲ ಕಣ್ಲಾ, ಅದೇನೋ ಬೂಷ್ಟು ಸಾಕಿದ್ದೀನಿ ಅಂತೀಯಲ್ಲ, ಅದುಕ್ಕೆ ಊಟ ಏನ್ಲಾ?" ಎಂದು ಕೇಳಿದ್ದ. ಎಷ್ಟು ಸರಿಯಾದ ಪ್ರಶ್ನೆ ಅದು. ಆತಗೂರಿನ ಸಭೆಯಲ್ಲಿ ತಾನು ಕೇಳಿದ್ದಕ್ಕಿಂತ ಮೇಲಾದ ಪ್ರಶ್ನೆ. ಮೇಡಂ ಆಗಿದ್ದರೆ ಕನ್ನಡಕ ತೆಗೆದು ಅಪ್ಪನ ಮುಖ ನೋಡುತ್ತಿದ್ದರು. ಶಿವರಾಮು ಮೊಬೈಲಿನಿಂದ ತಲೆ ಎತ್ತದೆ, "ನಿಂಗೆ ಏಳುದ್ರೂ ಗೊತ್ತಾಗಲ್ಲ ಬುಡು" ಎಂದಿದ್ದ. ಇವತ್ತು ಬೆಳಿಗ್ಗೆ ಹದಿನಾಲ್ಕು ಜನ ಅಪರಿಚಿತರಿಗೆ ಬೇರು, ನೂಲು, ಸಕ್ಕರೆ, ರಂಜಕ ಎಂದು ಒಂದು ಗಂಟೆ ಹೊತ್ತು ಹೇಳಿದ್ದ. ಇದ್ದಿಲಿನ ಒಂದು ತುಂಡನ್ನು ಒಡೆದು ತೋರಿಸಿ, ನೋಡಿ, ಇದರೊಳಗೆ ಲಕ್ಷ ಮನೆ ಇವೆ, ಬಂದವರಿಗೆ ಇರಲು ಜಾಗ, ಎಂದಿದ್ದ. ಮೇಡಂ ಕಣ್ಣಲ್ಲೇ ಮೆಚ್ಚಿದ್ದರು. ಒಂದೇ ಚಾವಣಿಯ ಕೆಳಗೆ ಮಲಗುವವನಿಗೆ ಒಂದು ಮಾತು ಹೇಳಿರಲಿಲ್ಲ. ಹೇಳಿದ್ದರೆ ಆ ಮುದುಕ ಮಡಿಯ ಸುತ್ತ ಕಾವಲು ಕೂತು ಒಂದು ಕಾಳು ಬೀಳದಂತೆ ನೋಡಿಕೊಳ್ಳುತ್ತಿದ್ದ. ಬಾಗಿಲು ಹಾಕಿಕೊಂಡದ್ದು ಗಿಡಗಳು ಮಾತ್ರವೇ?

ಸಿಟ್ಟು ಬರಬೇಕಿತ್ತು. ಅದರ ದಾರಿ ಕಾಯುತ್ತಲೇ ನಡೆದ. ಸಿಟ್ಟೊಂದೇ ಅವನಿಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ, ಹತ್ತು ವರ್ಷದಿಂದ ಅದನ್ನು ಉಂಡೇ ಬೆಳೆದಿದ್ದ. ಈಗ ಎದೆಯೊಳಗೆ ಕೈ ಹಾಕಿದರೆ ಅದರ ಜಾಗದಲ್ಲಿ ಏನೋ ಮೆತ್ತಗಿನದು, ಬೇಯಿಸಿದ ಬೇರಿನಂಥದ್ದು ಸಿಕ್ಕಿತು, ಅದನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಜೇಬಿನಲ್ಲಿ ಕಾಳುಗಳು ತೊಡೆಗೆ ಒತ್ತುತ್ತಿದ್ದವು. ಈ ಮಣ್ಣಿಂದ ರಂಜಕ ಇಳಿಯಲು ಎರಡು ವರ್ಷವೋ ಮೂರು ವರ್ಷವೋ. ತಾಯಿಮಡಿ ಹೋಯಿತು. ಮೂರು ತಾಲ್ಲೂಕಿನ ಚೀಲಗಳ ಮೇಲೆ ಬೇರೆ ಯಾರದೋ ಹೆಸರು ಬರುತ್ತದೆ, ಬಹುಶಃ ಯತೀಶನದೇ. ಒಂದು ಹೆಸರು ಹೇಳಿದರೆ ಉಳಿಯುತ್ತದೆ. ಬರೀ ಹೆಸರು. ಅಪ್ಪನಿಗೆ ಓದಲು ಬಾರದು, ವರದಿಯಲ್ಲಿ ಏನಿದೆ ಎಂದು ಅವನಿಗೆ ತಿಳಿಯುವುದೂ ಇಲ್ಲ. ಆ ಯೋಚನೆ ಬಂದದ್ದಕ್ಕೆ ಅವನಿಗೆ ತನ್ನ ಬಾಯಿಯೇ ಕಹಿಯಾಯಿತು, ಬದುವಿನಾಚೆ ಉಗುಳಿದ. ಓದಲು ಬರುವ ಹದಿನಾಲ್ಕು ಜನ ಇದ್ದಾರೆ. ಅವರಿಗೆ ನಗಲೂ ಬರುತ್ತದೆ.

ಹುಣಸೆಮರದ ಕೆಳಗೆ ಊಟ ಮುಗಿದು ಜನ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಅವ್ವ ಉಳಿದ ಮುದ್ದೆಯನ್ನು ಯಾರಿಗೋ ಬಲವಂತ ಮಾಡುತ್ತಿದ್ದಳು. ರಘುನಂದನ್ ಮೇಜಿನ ಮೇಲಿನ ಸೂಕ್ಷ್ಮದರ್ಶಕವನ್ನು ಪಕ್ಕಕ್ಕೆ ಸರಿಸಿ ಕಾಗದ ಇಟ್ಟುಕೊಂಡು ಕೂತಿದ್ದ, ಪೆನ್ನಿನ ಮುಚ್ಚಳ ತೆಗೆದು. ಮೇಡಂ ಎದ್ದು ಬಂದರು.

"ಗೊತ್ತಾಯ್ತಾ ಶಿವರಾಮು?"

ಶಿವರಾಮು ಅವರ ಕೈ ನೋಡಿದ. ಉಗುರಿನ ಬುಡದಲ್ಲಿ ನೀಲಿ ಇಂಕಿನ ಕಲೆ. ಉಜ್ಜಿದರೂ ಅವರ ಬೆರಳಿನದೂ ಹೋಗಿರಲಿಲ್ಲ.

"ಗೊತ್ತಾಗಿದೆ ನಿನಗೆ" ಎಂದರು ಮೇಡಂ ಮೆಲ್ಲಗೆ. "ಮುಖದಲ್ಲೇ ಕಾಣ್ತಿದೆ. ಹೇಳಪ್ಪ. ಯಾರಿಗೆ ಹೆದರ್ತೀಯ? ಎರಡು ವರ್ಷದ ಕೆಲಸ ಇದು, ನಿಂದೂ ನಂದೂ."

"ಹೆದರೋದೇನು ಬಂತು ಮೇಡಂ, ಇದ್ದರೆ ತಾನೇ ಹೇಳೋಕೆ" ಎಂದ ರಘುನಂದನ್ ಗಟ್ಟಿಯಾಗಿ. ಎಲೆ ಅಡಿಕೆಯ ಬಾಯಿಗಳು ಅಗಿಯುವುದನ್ನು ನಿಲ್ಲಿಸಿದವು. "ಕಡೇ ಸಲ ಕೇಳ್ತೀನಿ. ಗೊಬ್ಬರ ಹಾಕಿದ್ದು ನೀನಾ, ಬೇರೆ ಯಾರಾದರೂನಾ? ಬೇರೆಯವರಾದ್ರೆ ಹೆಸರು ಹೇಳು. ಹೇಳದಿದ್ರೆ ನೀನೇ ಅಂತ ಬರ್ಕೋತೀನಿ."

ಶಿವರಾಮು ತಿರುಗಿ ನೋಡಿದ. ಅಪ್ಪ ಗಡಿಕಲ್ಲಿನಾಚೆ ನಿಂತಿದ್ದ. ಯಾವತ್ತೋ ಹೇಳಿದ ಜಾಗದಲ್ಲೇ, ಕಾಲಬೆರಳು ಕಲ್ಲಿಗೆ ತಾಗದಷ್ಟು ದೂರ ಬಿಟ್ಟು, ಟವೆಲ್ಲಿನ ಗಂಟನ್ನು ಎಡಗೈಯಲ್ಲಿ ಜೋಪಾನವಾಗಿ ಹಿಡಿದುಕೊಂಡು. ಇಲ್ಲಿಯ ಮಾತು ಅಲ್ಲಿಗೆ ಕೇಳಿಸುವಂತಿರಲಿಲ್ಲ. ಮಗನನ್ನು ದೊಡ್ಡವರು ಏನೋ ಕೇಳುತ್ತಿದ್ದಾರೆ, ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದಾರೆ ಎಂಬುದಷ್ಟೇ ಅವನಿಗೆ ಕಾಣುತ್ತಿತ್ತು, ಅದಕ್ಕೇ ಅವನು ಹಿಗ್ಗಿ ನಿಂತಿದ್ದ. ಮಗ ತಿರುಗಿದ್ದು ಕಂಡು ತಲೆಯಾಡಿಸಿದ. ಶಾಲೆಯ ಬಾಗಿಲಲ್ಲಿ ಆಡಿಸಿದ್ದನಲ್ಲ, ಹಾಗೇ. ಬೂಷ್ಟಿಗೆ ಊಟ ಏನ್ಲಾ ಎಂಬ ಪ್ರಶ್ನೆ ನಾಲ್ಕು ತಿಂಗಳಿಂದ ಆ ಕಲ್ಲಿನ ಹತ್ತಿರ ನಿಂತೇ ಇತ್ತು.

ಈ ಸಲ ಶಿವರಾಮು ಕಿಟಕಿಗಾಗಿ ಹುಡುಕಲಿಲ್ಲ. ಅಪ್ಪನಿಗೆ ತಲೆಯಾಡಿಸಿದ.

"ಏನಪ್ಪಾ, ನಾಲಿಗೆ ಬಿದ್ದುಹೋಯ್ತಾ?" ಎಂದ ರಘುನಂದನ್. ಯಾರೋ ನಕ್ಕರು. "ಶಿವರಾಮು" ಎಂದರು ಮೇಡಂ, ಆಮೇಲೆ ಇನ್ನೊಮ್ಮೆ, ದನಿ ತಗ್ಗಿಸಿ, "ಶಿವರಾಮು." ಕಾಗದದ ಮೇಲೆ ಪೆನ್ನು ಓಡತೊಡಗಿದ್ದು ಅವನಿಗೆ ಕೇಳಿಸಿತು. ಅವನು ನೆರಳಿನಿಂದ ಬಿಸಿಲಿಗೆ ಇಳಿದು, ಹಚ್ಚಗೆ ನಿಂತ ಗಿಡಗಳ ಪಕ್ಕದಲ್ಲಿ, ಜೇಬಿನ ಕಾಳುಗಳನ್ನು ಹೊತ್ತುಕೊಂಡು ಗಡಿಕಲ್ಲಿನ ಕಡೆಗೆ ನಡೆದ. ಬದು ಸಮವಾಗಿಯೇ ಇತ್ತು, ಆದರೂ ಅವನ ಕಾಲು ಮೂರು ಹೆಜ್ಜೆ ಇಟ್ಟು ಒಂದು ಗಳಿಗೆ ತಡೆಯಿತು, ಆಮೇಲೆ ಮತ್ತೆ ಮೂರು ಹೆಜ್ಜೆ ಇಟ್ಟಿತು.